ದಿನಬಳಕೆಯ ಕಾರಿನಲ್ಲಿ ಡ್ರ್ಯಾಗ್ ರೇಸ್: ಮೊದಲ ಕಾಲು ಮೈಲಿಗೆ ತಯಾರಿ

"ಸ್ಟೇಜ್ 1 ಮಾಡಿಸಿದ್ರೆ ಕಾಲು ಮೈಲಿಯಲ್ಲಿ ಎಷ್ಟು ಸೆಕೆಂಡ್ ಇಳಿಯುತ್ತೆ?" ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಇದು. ಸ್ಟೇಜ್ 1 ಎಂದರೆ ರೀಮ್ಯಾಪ್, ಎಂಜಿನ್ ಕಂಪ್ಯೂಟರಿನ ಲೆಕ್ಕ ಬದಲಿಸಿ ಶಕ್ತಿ ಹೆಚ್ಚಿಸುವುದು; ಕಾಲು ಮೈಲಿ ಎಂದರೆ ಡ್ರ್ಯಾಗ್ ರೇಸಿನ, ಅಂದರೆ ನಿಂತಲ್ಲಿಂದ ಹೊರಟು ನೇರ ದಾರಿಯಲ್ಲಿ ಓಡುವ ಪಂದ್ಯದ ದೂರ. ಉತ್ತರ ಕೊಡುವ ಮೊದಲು ನಾವು ಕೇಳಬೇಕಾದದ್ದು ಬೇರೆ: ನಿಮ್ಮ ಕಾರು ಮೊದಲ 18 ಮೀಟರ್ ದಾಟಲು ಎಷ್ಟು ಹೊತ್ತು ತಗೊಳ್ಳುತ್ತೆ? ಅದು ಗೊತ್ತಿಲ್ಲದೆ ಎಂಜಿನ್‌ಗೆ ಸುರಿದ ದುಡ್ಡು ಮುಂದಿನ ಚಕ್ರಗಳ ಹೊಗೆಯಾಗಿ ಹೋಗುತ್ತದೆ, ಅಷ್ಟೇ.

ಈ ಬರಹ ಪೋಲೊ, ವರ್ಟಸ್, ಸಿಟಿ, ಸ್ವಿಫ್ಟ್, ಬಲೆನೊ ತರಹದ, ಮುಂದಿನ ಚಕ್ರಗಳಿಗೆ ಎಳೆತ ಇರುವ ಪೆಟ್ರೋಲ್ ಕಾರಿನವರಿಗೆ. ವಾರವಿಡೀ ಆಫೀಸಿಗೆ ಹೋಗಿಬರುವ ಕಾರನ್ನೇ ರೇಸಿಗೂ ಒಯ್ದು, ಅದರಲ್ಲೇ ಮನೆಗೆ ವಾಪಸ್ ಬರಬೇಕೆನ್ನುವವರಿಗೆ. 300 ಕುದುರೆಶಕ್ತಿಯ ಕಾರು ಕಟ್ಟುವವರಿಗೆ ಇದರಲ್ಲಿ ಅರ್ಧದಷ್ಟು ಮಾತ್ರ ಉಪಯೋಗಕ್ಕೆ ಬಂದೀತು.

ಕೆಲವು ಪದಗಳು

ಕಾಲು ಮೈಲಿ ಎಂದರೆ 402.3 ಮೀಟರ್. ಅದರ ಅರ್ಧ, 201 ಮೀಟರ್, ಎಂಟನೇ ಒಂದು ಮೈಲಿ. ಹೊರಟ ಗಳಿಗೆಯಿಂದ ಗೆರೆ ದಾಟುವವರೆಗಿನ ಸಮಯಕ್ಕೆ ಇ.ಟಿ. ಎನ್ನುತ್ತಾರೆ. ಕೊನೆಯ 66 ಅಡಿ, ಅಂದರೆ ಸುಮಾರು 20 ಮೀಟರಿನಲ್ಲಿ ಅಳೆಯುವ ವೇಗ ಟ್ರ್ಯಾಪ್ ಸ್ಪೀಡ್. ಮೊದಲ 60 ಅಡಿಯ, ಅಂದರೆ 18.3 ಮೀಟರಿನ ಸಮಯಕ್ಕೆ ಸಿಕ್ಸ್ಟಿ ಫೂಟ್. ಇವೆಲ್ಲ ಅಚ್ಚಾಗಿ ಕೈಗೆ ಬರುವ ಚೀಟಿ ಟೈಮ್ ಸ್ಲಿಪ್.

ರಿಯಾಕ್ಷನ್ ಟೈಮ್ ಎಂದರೆ ಹಸಿರು ದೀಪಕ್ಕೂ ನಿಮ್ಮ ಚಕ್ರ ಕದಲುವುದಕ್ಕೂ ನಡುವಿನ ಅಂತರ. ಇದು ಇ.ಟಿ.ಯೊಳಗೆ ಸೇರುವುದಿಲ್ಲ, ಹೊರಡುವ ಗೆರೆಗೆ ಅಡ್ಡವಾಗಿ ಹಾಯಿಸಿದ ಬೆಳಕಿನ ಕಿರಣವನ್ನು ಚಕ್ರ ಬಿಟ್ಟ ಮೇಲೆಯೇ ಗಡಿಯಾರ ಓಡುತ್ತದೆ. ಹಾಗಾಗಿ ನಿಮ್ಮ ಇ.ಟಿ. ಪಕ್ಕದವನಿಗಿಂತ ಚೆನ್ನಾಗಿದ್ದರೂ ತಡವಾಗಿ ಹೊರಟರೆ ಸೋಲಬಹುದು. ಮೊದಲ ಸಲ ಹೋಗುವವರು ಇದನ್ನು ಮರೆತುಬಿಡಿ. ಹಸಿರು ಬಂದು ತುಸು ತಡವಾಗಿ ಹೊರಟರೂ ನಿಮ್ಮ ಇ.ಟಿ. ಕೆಡುವುದಿಲ್ಲ.

ಹಂತ 1: ಜಾಗ ಮತ್ತು ಕಾಗದ

ರಾತ್ರಿ ಹನ್ನೆರಡರ ಮೇಲೆ ಏರ್‌ಪೋರ್ಟ್ ರಸ್ತೆಯಲ್ಲಿ ನೋಡೋಣ ಎನ್ನುವವರು ಇಲ್ಲಿಗೇ ಓದುವುದನ್ನು ನಿಲ್ಲಿಸಬಹುದು. ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಜಾಗದಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಅನ್ವಯಿಸುತ್ತದೆ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಒಂದು ವರ್ಷ ಅಥವಾ 10,000 ರೂಪಾಯಿವರೆಗೆ ಅಥವಾ ಎರಡೂ. ದಂಡದ ಮಾತು ಬಿಡಿ, ಅಲ್ಲಿ ಅಡ್ಡ ಬರುವುದು ಯಾರದೋ ಮನೆಯವರು.

ಕಾನೂನುಬದ್ಧ ಡ್ರ್ಯಾಗ್ ರೇಸ್ ನಮ್ಮಲ್ಲಿ ಹೆಚ್ಚಾಗಿ ನಡೆಯುವುದು ಖಾಸಗಿ ವಿಮಾನ ಓಡುದಾರಿಗಳಲ್ಲಿ. ಲೋಣಾವಳ ಬಳಿಯ ಆಂಬಿ ವ್ಯಾಲಿಯ ಓಡುದಾರಿಯಲ್ಲಿ ನಡೆದಿರುವ ವ್ಯಾಲಿ ರನ್ ಕಾರಿನವರಿಗೆ ಹೆಚ್ಚು ಪರಿಚಿತ. ಚೆನ್ನೈ ಹೊರಗಿನ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲೂ ಡ್ರ್ಯಾಗ್ ರೇಸ್‌ಗಳು ನಡೆದಿವೆ, ಅಲ್ಲಿ ಬೈಕುಗಳದ್ದೇ ಮೇಲುಗೈ. ಕಾರ್ಯಕ್ರಮಕ್ಕೆ ಎಫ್‌ಎಂಎಸ್‌ಸಿಐ, ಅಂದರೆ ದೇಶದ ಮೋಟಾರ್ ಕ್ರೀಡಾ ಒಕ್ಕೂಟದ ಅನುಮತಿ ಇದೆಯೇ ಎಂದು ನೋಡಿ. ಇದ್ದರೆ ಆಂಬುಲೆನ್ಸ್, ಅಗ್ನಿಶಾಮಕ, ತಪಾಸಣೆ ಇವಕ್ಕೆಲ್ಲ ನಿಯಮ ಇರುತ್ತದೆ. ಬಹುಪಾಲು ನಿಮಗೂ ಸ್ಪರ್ಧಾ ಲೈಸೆನ್ಸ್ ಕೇಳುತ್ತಾರೆ.

ಹೆಸರು ಕೊಡುವ ಮೊದಲು ಸಂಘಟಕರು ಹೊರಡಿಸುವ ನಿಯಮಪುಸ್ತಕವನ್ನು ಪೂರ್ತಿ ಓದಿ. ನಿಮ್ಮ ಕಾರು ಯಾವ ವರ್ಗಕ್ಕೆ ಬೀಳುತ್ತದೆ ಎಂಬುದು ಸಿ.ಸಿ., ಇಂಧನ ಮತ್ತು ಮಾರ್ಪಾಡಿನ ಮೇಲೆ ನಿಲ್ಲುತ್ತದೆ. ಟರ್ಬೊ ಕಾರಿನ ಸಿ.ಸಿ.ಯನ್ನು 1.7ರಿಂದ ಗುಣಿಸುವ ಪದ್ಧತಿ ಮೋಟಾರ್ ಕ್ರೀಡೆಯಲ್ಲಿ ಹಳೆಯದು. ಅದು ಜಾರಿಯಲ್ಲಿದ್ದರೆ 999 ಸಿ.ಸಿ.ಯ ನಿಮ್ಮ ಪುಟ್ಟ ಎಂಜಿನ್ 1,698 ಸಿ.ಸಿ. ಎನಿಸಿಕೊಂಡು ದೊಡ್ಡವರ ಪಕ್ಕ ನಿಲ್ಲುತ್ತದೆ. ಸ್ಟಾಕ್ ವರ್ಗದಲ್ಲಿ, ಅಂದರೆ ಕಂಪನಿಯಿಂದ ಬಂದಂತೆಯೇ ಇರುವ ಕಾರುಗಳ ವರ್ಗದಲ್ಲಿ, ಹಿಂದಿನ ಸೀಟು ತೆಗೆದರೆ ಅನರ್ಹತೆ ಆಗಬಹುದು.

ಎರಡು ಎಚ್ಚರಿಕೆ. ಸಾಮಾನ್ಯ ವಾಹನ ವಿಮೆ ರೇಸಿಂಗ್, ವೇಗ ಪರೀಕ್ಷೆಯಲ್ಲಾದ ಹಾನಿಗೆ ಪರಿಹಾರ ಕೊಡುವುದಿಲ್ಲ. ಪಾಲಿಸಿಯ ಬಳಕೆಯ ಮಿತಿ ಎಂಬ ಭಾಗದಲ್ಲಿ ಇದನ್ನು ಬರೆದೇ ಇರುತ್ತಾರೆ. ಇನ್ನೊಂದು, ನೋಂದಣಿ ಪತ್ರದಲ್ಲಿರುವ ವಿವರಕ್ಕೆ ಹೊಂದದ ಮಾರ್ಪಾಡನ್ನು 52ನೇ ಕಲಂ ಒಪ್ಪುವುದಿಲ್ಲ. ಓಡುದಾರಿಯಲ್ಲಿ ನಡೆಯುವುದೆಲ್ಲ ಅಲ್ಲಿಗೆ ಹೋಗುವ ಹೆದ್ದಾರಿಯಲ್ಲಿ ನಡೆಯುವುದಿಲ್ಲ. ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತುಹಾಕಿದ ಕಾರನ್ನು ಫ್ಲ್ಯಾಟ್‌ಬೆಡ್ ಮೇಲೆ ಒಯ್ಯಿರಿ, ಅಥವಾ ಕೀಳುವ ಯೋಚನೆಯನ್ನೇ ಬಿಡಿ. ಈ ಮಟ್ಟದ ಕಾರಿಗೆ ಅದರಿಂದ ಸಿಗುವ ಲಾಭ ಚಿಕ್ಕದು, ತಲೆನೋವು ದೊಡ್ಡದು.

ಹಂತ 2: ಮೊದಲು ಆರೋಗ್ಯ, ಆಮೇಲೆ ಶಕ್ತಿ

ಎಂಜಿನ್ ಆಯಿಲ್ ಹೊಸದಿರಲಿ, ಮಟ್ಟ ಡಿಪ್‌ಸ್ಟಿಕ್‌ನ ಮೇಲಿನ ಗುರುತಿಗೆ ಹತ್ತಿರವಿರಲಿ, ಅದನ್ನು ಮೀರದಿರಲಿ. ಹೆಚ್ಚಾದರೆ ಕ್ರ್ಯಾಂಕ್ ಬಡಿದು ನೊರೆಯಾಗುತ್ತದೆ. ಬ್ರೇಕ್ ಆಯಿಲ್ ಎರಡು ವರ್ಷ ಹಳೆಯದಾಗಿದ್ದರೆ ಡಾಟ್ 4 ಹಾಕಿಸಿ ಬ್ಲೀಡ್ ಮಾಡಿಸಿ. ತೇವ ಹೀರಿದ ಆಯಿಲ್ ಬೇಗ ಕುದಿಯುತ್ತದೆ, 140 ಕಿ.ಮೀ. ವೇಗದಿಂದ ನಿಲ್ಲಿಸುವಾಗ ಪೆಡಲ್ ನೆಲ ಮುಟ್ಟುವುದು ಆಗ.

ಚಕ್ರಕ್ಕೆ ಎಳೆತ ಒಯ್ಯುವ ಡ್ರೈವ್‌ಶಾಫ್ಟ್‌ನ ರಬ್ಬರ್ ಬೂಟು ಹರಿದಿದೆಯೇ ನೋಡಿ. ಹರಿದ ಬೂಟಿನಿಂದ ಗ್ರೀಸ್ ಹೋಗಿ, ಧೂಳು ಸೇರಿ, ಸವೆದ ಸಿವಿ ಜಾಯಿಂಟ್ (ಶಾಫ್ಟಿನ ತುದಿಯ ಕೀಲು) ರಸ್ತೆಯಲ್ಲಿ ಟಕ್ ಟಕ್ ಅನ್ನುತ್ತದೆ, ಲಾಂಚ್‌ನಲ್ಲಿ, ಅಂದರೆ ನಿಂತಲ್ಲಿಂದ ಜೋರಾಗಿ ಹೊರಡುವಾಗ, ಮುರಿಯುತ್ತದೆ.

ಕ್ಲಚ್ ಪರೀಕ್ಷೆ ಸುಲಭ. ಖಾಲಿ ರಸ್ತೆಯ ಏರಿನಲ್ಲಿ ನಾಲ್ಕನೇ ಗೇರ್, 2,000 ಆರ್‌ಪಿಎಂ, ಆಕ್ಸಿಲರೇಟರ್ ಪೂರ್ತಿ. ಸೂಜಿ ಸರ್ರನೆ ಮೇಲೇರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಇದನ್ನು ಬದಲಿಸದೆ ರೀಮ್ಯಾಪ್ ಮಾಡಿಸಬೇಡಿ. ಕಂಪನಿ ಕೊಟ್ಟ ಟಾರ್ಕಿಗೇ (ಎಂಜಿನ್ ತಿರುಗಿಸುವ ಬಲಕ್ಕೇ) ಜಾರುವ ಕ್ಲಚ್ ಹೆಚ್ಚಿನ ಟಾರ್ಕಿಗೆ ಒಂದೇ ದಿನದಲ್ಲಿ ಸುಟ್ಟುಹೋಗುತ್ತದೆ. ಟರ್ಬೊ ಕಾರಿನಲ್ಲಿ ಈ ಪರೀಕ್ಷೆಯನ್ನು ಒಂದು ಸಲ, ಎರಡು ಸೆಕೆಂಡ್ ಮಾತ್ರ ಮಾಡಿ. ಕಡಿಮೆ ಆರ್‌ಪಿಎಂನಲ್ಲಿ ಪೂರ್ತಿ ಹೊರೆ ಹಾಕುತ್ತಿದ್ದರೆ, ಕಿಡಿ ಹೊತ್ತುವ ಮೊದಲೇ ಇಂಧನ ತಾನಾಗಿ ಸಿಡಿಯುವ ಅಪಾಯ ನೇರ ಇಂಜೆಕ್ಷನ್‌ನ ಚಿಕ್ಕ ಟರ್ಬೊಗಳಿಗಿದೆ. ಪಿಸ್ಟನ್ ಒಡೆಯಲು ಅಷ್ಟು ಸಾಕು.

ಹಂತ 3: ಟೈರು ಮತ್ತು ತೂಕ

ದುಡ್ಡು ಒಂದೇ ಕಡೆ ಹಾಕಲು ಸಾಧ್ಯ ಎಂದಾದರೆ ಮುಂದಿನ ಎರಡು ಟೈರಿಗೆ ಹಾಕಿ. ಹೊರಡುವಾಗ ಕಾರಿನ ಭಾರ ಹಿಂದಕ್ಕೆ ವಾಲುತ್ತದೆ. ಹಿಂದಿನ ಚಕ್ರ ತಳ್ಳುವ ಕಾರಿಗೆ ಅದು ವರ. ನಿಮ್ಮ ಕಾರಿಗೆ ಶಾಪ, ಏಕೆಂದರೆ ಎಳೆಯಬೇಕಾದ ಚಕ್ರವೇ ಹಗುರವಾಗುತ್ತದೆ. ಶಕ್ತಿ ಹೆಚ್ಚಿಸಿದಷ್ಟೂ ಈ ತೊಂದರೆ ಬೆಳೆಯುತ್ತದೆ.

ಕಾರಿನೊಂದಿಗೆ ಬಂದ ಮೈಲೇಜ್ ಟೈರು ಗಟ್ಟಿ. ಅದೇ ಅಳತೆಯ, ಮೃದು ರಬ್ಬರಿನ ಸ್ಪೋರ್ಟ್ಸ್ ಟೈರು ತೊಡಿಸಿದರೆ ಸಿಕ್ಸ್ಟಿ ಫೂಟ್ ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ. ಟೈರಿನ ಬದಿಯಲ್ಲಿ ಟ್ರೆಡ್‌ವೇರ್ ಎಂಬ ಅಂಕಿ ಇರುತ್ತದೆ, ಅದು ಕಡಿಮೆ ಇದ್ದಷ್ಟೂ ರಬ್ಬರ್ ಮೃದು. 200ರ ಆಸುಪಾಸಿನದ್ದು ಟ್ರ್ಯಾಕಿಗೂ ರಸ್ತೆಗೂ ನಡುವಿನ ದರ್ಜೆ. ಯೊಕೊಹಾಮ ಅಡ್ವಾನ್ ನಿಯೊವಾ ಈ ಜಾತಿಯದು. ಮಳೆಗಾಲದಲ್ಲಿ ಇಂಥ ಟೈರು ಹಾಕಿಕೊಂಡು ಘಟ್ಟ ಇಳಿಯಬೇಡಿ. ಅಗಲದ ಚಪಲಕ್ಕೆ ದೊಡ್ಡ ಅಲಾಯ್ ಕೂಡಿಸುವುದೂ ತಪ್ಪು. 17 ಇಂಚಿನ ಭಾರದ ಚಕ್ರಕ್ಕಿಂತ 15 ಇಂಚಿನ ಹಗುರ ಚಕ್ರ, ಎತ್ತರದ ಬದಿಗೋಡೆ ಲಾಂಚ್‌ಗೆ ಒಳ್ಳೆಯದು.

ಗಾಳಿ ಒತ್ತಡ: ಮುಂದೆ ತಣ್ಣಗಿರುವಾಗ 26 ಪಿಎಸ್ಐನಿಂದ ಶುರುಮಾಡಿ, ಓಟಕ್ಕೊಂದು ಪಿಎಸ್ಐಯಂತೆ 24ರವರೆಗೆ ಇಳಿಸಿ ನೋಡಿ. ಅದಕ್ಕಿಂತ ಕೆಳಗೆ ಸಾಮಾನ್ಯ ರಸ್ತೆ ಟೈರಿನ ಬದಿ ಮಡಚಿಕೊಳ್ಳುತ್ತದೆ, ಸ್ಟೇರಿಂಗ್ ಅಲುಗುತ್ತದೆ, ಲಾಭವೂ ನಿಲ್ಲುತ್ತದೆ. ಹಿಂದೆ 38ರಿಂದ 40, ಉರುಳುವ ತಡೆ ಕಡಿಮೆಯಾಗಲು. ಟೈರಿನ ಮೇಲೆ ಅಚ್ಚಾಗಿರುವ ಗರಿಷ್ಠ ಒತ್ತಡವನ್ನು ಮೀರಬೇಡಿ. ಬಂಕಿನ ಗೇಜ್ ನಂಬಬೇಡಿ, ನಿಮ್ಮದೇ ಗೇಜ್ ಒಯ್ಯಿರಿ.

ತೂಕದ ಲೆಕ್ಕ ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಕಾಲು ಮೈಲಿಯ ಸಮಯ, ತೂಕವನ್ನು ಶಕ್ತಿಯಿಂದ ಭಾಗಿಸಿದ್ದರ ಘನಮೂಲಕ್ಕೆ ತಕ್ಕಂತೆ ಬದಲಾಗುತ್ತದೆ. ಚಾಲಕನೂ ಸೇರಿ 1,300 ಕಿಲೊ ಇರುವ, 160 ಕುದುರೆಶಕ್ತಿಯ ಕಾರಿಗೆ ಈ ಲೆಕ್ಕ ಕೊಡುವ ಉತ್ತರ ಸುಮಾರು 15.2 ಸೆಕೆಂಡ್, ಟ್ರ್ಯಾಪ್ ಸ್ಪೀಡ್ 144 ಕಿ.ಮೀ. ಅದೇ ಕಾರಿನಿಂದ 40 ಕಿಲೊ ತೆಗೆದರೆ 0.15 ಸೆಕೆಂಡ್ ಇಳಿಯಬೇಕು. ಸ್ಟೆಪ್ನಿ, ಜಾಕ್, ಹಿಂದಿನ ಸೀಟು ಸೇರಿದರೆ ಅಷ್ಟಾಗುತ್ತದೆ, ಖರ್ಚು ಒಂದು ಸ್ಪ್ಯಾನರ್ ಸೆಟ್. ಅದರಲ್ಲೂ ಹಿಂಭಾಗದ ತೂಕ ತೆಗೆದರೆ ಮುಂದಿನ ಚಕ್ರಗಳ ಪಾಲಿಗೆ ಬೀಳುವ ಭಾರದ ಪ್ರಮಾಣ ಹೆಚ್ಚುತ್ತದೆ.

ಪೆಟ್ರೋಲ್ ಕಾಲು ಟ್ಯಾಂಕ್ ಇರಲಿ. ಒಂದು ಲೀಟರ್ ಮುಕ್ಕಾಲು ಕಿಲೊ ತೂಗುತ್ತದೆ, 30 ಲೀಟರ್ ಕಮ್ಮಿಯಿದ್ದರೆ 22 ಕಿಲೊ ಉಳಿತಾಯ. ಹಾಗಂತ ಸೂಜಿಯನ್ನು ಕೆಂಪಿಗೆ ಇಳಿಸಬೇಡಿ. ಲಾಂಚ್‌ನಲ್ಲಿ ಪೆಟ್ರೋಲೆಲ್ಲ ಹಿಂದಕ್ಕೆ ಸರಿದು ಪಂಪು ಗಾಳಿ ಎಳೆದರೆ ಟರ್ಬೊ ಎಂಜಿನ್ನಿಗೆ ಆ ಒಂದು ಕ್ಷಣ ದುಬಾರಿಯಾದೀತು.

ಹಂತ 4: ಎಂಜಿನ್ ಮೌಂಟ್

ಇದು ಯಾರೂ ಕೇಳದ, ಆದರೆ ಎಲ್ಲರಿಗೂ ಬೇಕಾದ ಭಾಗ. ಲಾಂಚ್‌ನಲ್ಲಿ ಚಕ್ರ ಡಗ ಡಗ ಎಂದು ಕುಣಿಯುವುದನ್ನು ವೀಲ್ ಹಾಪ್ ಎನ್ನುತ್ತಾರೆ. ಎಂಜಿನ್ ತನ್ನ ಮೆತ್ತನೆಯ ರಬ್ಬರ್ ಮೌಂಟ್‌ಗಳ ಮೇಲೆ ಹಿಂದಕ್ಕೆ ಹೊರಳುತ್ತದೆ, ಟೈರು ಜಾರುತ್ತದೆ, ಎಂಜಿನ್ ಮುಂದಕ್ಕೆ ಮರಳುತ್ತದೆ, ಟೈರು ಮತ್ತೆ ಹಿಡಿಯುತ್ತದೆ. ಇದು ಸೆಕೆಂಡಿಗೆ ಹಲವು ಸಲ. ಪ್ರತಿ ಹಿಡಿತವೂ ಡ್ರೈವ್‌ಶಾಫ್ಟ್ ಮೇಲೆ ಸುತ್ತಿಗೆಯ ಏಟು. ಕೆಳಗಿನ ಟಾರ್ಕ್ ಮೌಂಟ್‌ಗೆ, ಗ್ಯಾರೇಜಿನವರು ಡಾಗ್ ಬೋನ್ ಎನ್ನುವ ಭಾಗಕ್ಕೆ, ಪಾಲಿಯುರೆಥೇನ್ ತುಂಡು ಕೂಡಿಸಿದರೆ ಬಹುಪಾಲು ಹತೋಟಿಗೆ ಬರುತ್ತದೆ. ಐಡಲ್‌ನಲ್ಲಿ ಸ್ವಲ್ಪ ನಡುಕ ಒಳಗೆ ಕೇಳಿಸುತ್ತದೆ, ಸಹಿಸಿಕೊಳ್ಳಬೇಕು. ಮೂರೂ ಮೌಂಟ್ ಗಟ್ಟಿ ಮಾಡಿಸಿದರೆ ದಿನಬಳಕೆ ಹಿಂಸೆ.

ಹಾಪ್ ಶುರುವಾದ ತಕ್ಷಣ ಕಾಲೆತ್ತಿ. ಒತ್ತಿಹಿಡಿದು ದಾಟಿಸುತ್ತೇನೆ ಎಂದವರ ಶಾಫ್ಟು ಅಲ್ಲೇ ಮುರಿದು ಬೀಳುತ್ತದೆ.

ಎರಡೂ ಮುಂಚಕ್ರಕ್ಕೆ ಎಳೆತ ಹಂಚುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ನಿಜಕ್ಕೂ ಕೆಲಸ ಮಾಡುತ್ತದೆ. ಆದರೆ ಗೇರ್‌ಬಾಕ್ಸ್ ಬಿಚ್ಚಬೇಕು, ಬೆಲೆ ಹೆಚ್ಚು. ಮೊದಲ ಸೀಸನ್ನಿಗೆ ಬೇಡ.

ಹಂತ 5: ಈಗ ಶಕ್ತಿ

ಇಲ್ಲಿಯವರೆಗಿನದೆಲ್ಲ ಮುಗಿಸಿ, ಒಂದು ದಿನ ಸ್ಟಾಕ್ ಎಂಜಿನ್ನಲ್ಲೇ ಓಡಿಸಿ ಚೀಟಿ ಇಟ್ಟುಕೊಂಡಿದ್ದರೆ ರೀಮ್ಯಾಪ್ ಮಾಡಿಸಿ. ಸ್ಟೇಜ್ 1 ಎಂದರೆ ಬೇರೇನೂ ಬದಲಿಸದೆ ಎಂಜಿನ್ ಕಂಪ್ಯೂಟರಿನ ಲೆಕ್ಕ ಮಾತ್ರ ಬದಲಿಸುವುದು. ಟರ್ಬೊ ಕಾರಿಗೆ ಶೇ 20ರ ಸುತ್ತ ಏರಿಕೆ ನಿರೀಕ್ಷಿಸಬಹುದು. ಟರ್ಬೊ ಇಲ್ಲದ ಕಾರಿಗೆ ಬೆರಳೆಣಿಕೆಯ ಕುದುರೆಶಕ್ತಿ, ಆ ದುಡ್ಡನ್ನು ಟೈರಿಗೆ ಹಾಕಿ. ವಾರಂಟಿ ಹೋಗುತ್ತದೆ ಎಂದುಕೊಂಡೇ ಮಾಡಿಸಿ.

ರೀಮ್ಯಾಪ್ ಮಾಡಿಕೊಡುವ ಟ್ಯೂನರ್ ಬಳಿ ಕೇಳಬೇಕಾದ ಮೊದಲ ಪ್ರಶ್ನೆ ಇಂಧನದ್ದು. ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಪೂರ್ತಿ ಉರಿಯಲು ಬೇಕಾದ ಗಾಳಿ-ಇಂಧನ ಅನುಪಾತ 14.7 ಅಲ್ಲ, 13.5ರ ಆಸುಪಾಸು. ಅಂದರೆ ಅದೇ ಗಾಳಿಗೆ ಶೇ 9ರಷ್ಟು ಹೆಚ್ಚು ಇಂಧನ ಸುರಿಯಬೇಕು. ಮಿತಿಯ ಅಂಚಿನಲ್ಲಿರುವ ಪಂಪ್ ಅಥವಾ ಇಂಜೆಕ್ಟರ್ ಇದ್ದರೆ, ಹಳೆಯ ಪೆಟ್ರೋಲಿಗೆ ಬರೆದ ಮ್ಯಾಪ್‌ನಲ್ಲಿ ಮೇಲಿನ ಆರ್‌ಪಿಎಂಗೆ ಇಂಧನ ಸಾಲದಾಗುತ್ತದೆ. 95 ಆಕ್ಟೇನ್‌ಗೆ ಬರೆದ ಮ್ಯಾಪ್‌ಗೆ 95ನ್ನೇ ಹಾಕಿ. ಎಕ್ಸ್‌ಪಿ 100 ತರಹದ ದುಬಾರಿ ಇಂಧನ ಆಯ್ದ ಬಂಕುಗಳಲ್ಲಿ ಮಾತ್ರ ಸಿಗುತ್ತದೆ. ಅದಕ್ಕೆಂದೇ ಮ್ಯಾಪ್ ಬರೆಸಿಕೊಂಡು, ದಾರಿಯಲ್ಲಿ ಸಿಗದೆ ಸಾದಾ ಪೆಟ್ರೋಲ್ ಹಾಕಿ ಓಡಿಸಿದರೆ ನಾಕ್ ಖಚಿತ. ನಾಕ್ ಎಂದರೆ ಸಿಲಿಂಡರಿನೊಳಗೆ ಇಂಧನ ಹದ ತಪ್ಪಿ ಸಿಡಿಯುವುದು.

ಸ್ಪಾರ್ಕ್ ಪ್ಲಗ್ ಹೊಸದು ಹಾಕಿಸಿ, ಒಂದು ಹೆಜ್ಜೆ ತಂಪಿನದು. ಎನ್‌ಜಿಕೆಯಲ್ಲಿ ಅಂಕಿ ಹೆಚ್ಚಾದಷ್ಟೂ ಪ್ಲಗ್ ತಂಪು. ಬೂಸ್ಟ್, ಅಂದರೆ ಟರ್ಬೊ ತಳ್ಳುವ ಗಾಳಿಯ ಒತ್ತಡ, ಹೆಚ್ಚಿಸಿದ ಕಾರಿಗೆ ಪ್ಲಗ್ಗಿನ ತುದಿಯ ಅಂತರ 0.6ರಿಂದ 0.7 ಮಿ.ಮೀ. ಸಾಕು. ಅಂತರ ಜಾಸ್ತಿಯಿದ್ದರೆ ಒತ್ತಡದ ಗಾಳಿ ಕಿಡಿಯನ್ನು ಆರಿಸಿ, 4,500 ಆರ್‌ಪಿಎಂ ಮೇಲೆ ಕಾರು ಮುಗ್ಗರಿಸುತ್ತದೆ. ಇದನ್ನು ಪಂಪ್ ದೋಷವೆಂದು ತಿಳಿದು ಸಾವಿರಾರು ರೂಪಾಯಿ ಕಳೆದುಕೊಂಡವರು ಬಹಳ.

ಡ್ಯುಯಲ್ ಕ್ಲಚ್ ಆಟೊಮ್ಯಾಟಿಕ್ ಇರುವವರಿಗೆ: ಫೋಕ್ಸ್‌ವ್ಯಾಗನ್, ಸ್ಕೋಡಾಗಳ ಏಳು ಗೇರಿನ ಡಿಕ್ಯೂ200 ಗೇರ್‌ಬಾಕ್ಸ್ ಒಣ ಕ್ಲಚ್‌ನದು, ಅದರ ಮಿತಿ 250 ನ್ಯೂಟನ್ ಮೀಟರ್. 1.5 ಟಿಎಸ್‌ಐ ಕಂಪನಿಯಿಂದ ಬರುವಾಗಲೇ 250 ಕೊಡುತ್ತದೆ. ಆ ಪೆಟ್ಟಿಗೆಯ ಮೇಲೆ ಇನ್ನೂ ಟಾರ್ಕ್ ಹೇರಿ, ಅದರಲ್ಲಿ ಲಾಂಚ್ ಅಭ್ಯಾಸ ಮಾಡಬೇಡಿ.

ಹಂತ 6: ಸುರಕ್ಷತೆ ಮತ್ತು ತಪಾಸಣೆ

ಅಮೆರಿಕದ ಎನ್‌ಎಚ್‌ಆರ್‌ಎ 1951ರಿಂದ ಈ ಕ್ರೀಡೆಯನ್ನು ನಡೆಸುತ್ತಿರುವ ಸಂಸ್ಥೆ. ಅದರ ನಿಯಮದಲ್ಲಿ 13.99 ಸೆಕೆಂಡ್ ಅಥವಾ ಅದಕ್ಕಿಂತ ಬೇಗ ಓಡುವ ಕಾರಿಗೆ ಹೆಲ್ಮೆಟ್ ಕಡ್ಡಾಯ, 11.49ರಿಂದ ರೋಲ್ ಬಾರ್, ಅಂದರೆ ಕಾರು ಮಗುಚಿದರೆ ಚಾಲಕನನ್ನು ಕಾಯುವ ಉಕ್ಕಿನ ಕೊಳವೆ. ಇಲ್ಲಿ 17 ಸೆಕೆಂಡ್ ಕಾರಿಗೂ ಹೆಲ್ಮೆಟ್ ಬೇಕೆನ್ನುತ್ತಾರೆ, ಅದು ಸರಿಯೂ ಹೌದು. ಕಾರು ರೇಸಿಗೆಂದಿರುವ ಸ್ನೆಲ್ ಎಸ್‌ಎ ದರ್ಜೆಯ ಹೆಲ್ಮೆಟ್ ಬೆಂಕಿ ತಡೆಯುತ್ತದೆ, ಬೈಕ್ ಹೆಲ್ಮೆಟ್‌ಗೆ ಆ ಪರೀಕ್ಷೆ ಇಲ್ಲ. ಯಾವುದು ಒಪ್ಪಿಗೆ ಎಂದು ಮೊದಲೇ ಬರೆದು ಕೇಳಿ. ಗೇಟಿನಲ್ಲಿ ವಾದ ಮಾಡಿ ಗೆದ್ದವರಿಲ್ಲ.

ಹತ್ತಿಯ ಪೂರ್ಣ ತೋಳಿನ ಅಂಗಿ, ಪ್ಯಾಂಟು, ಮುಚ್ಚಿದ ಶೂ. ಕ್ರೀಡಾ ಜೆರ್ಸಿ ಬೇಡ, ಪಾಲಿಯೆಸ್ಟರ್ ಕರಗಿ ಮೈಗೆ ಅಂಟುತ್ತದೆ. ಎರಡು ಕಿಲೊ ಎಬಿಸಿ ಅಗ್ನಿಶಾಮಕವನ್ನು ಲೋಹದ ಪಟ್ಟಿಯಲ್ಲಿ ಬಿಗಿಯಿರಿ. ಸೀಟಿನ ಕೆಳಗೆ ಉರುಳುವ ಸಿಲಿಂಡರ್ ಇದ್ದರೆ ತಪಾಸಣೆಯಲ್ಲಿ ವಾಪಸ್ ಕಳಿಸುತ್ತಾರೆ. ಬ್ಯಾಟರಿ ಕೈಯಲ್ಲಿ ಅಲುಗಿಸಿದರೆ ಅಲುಗಬಾರದು. ಚಾಲಕನ ಕಾಲಿನ ಮ್ಯಾಟ್ ತೆಗೆದಿಡಿ, ಅದು ಪೆಡಲ್‌ಗೆ ಸಿಕ್ಕಿಕೊಳ್ಳುತ್ತದೆ. ನೀರಿನ ಬಾಟಲಿ, ಡ್ಯಾಶ್‌ಬೋರ್ಡಿನ ಗಣಪತಿ, ಎಲ್ಲ ಹೊರಗೆ.

ಚಕ್ರದ ಬೋಲ್ಟುಗಳನ್ನು ಟಾರ್ಕ್ ವ್ರೆಂಚಿನಲ್ಲಿ ಬಿಗಿಯಿರಿ: ಫೋಕ್ಸ್‌ವ್ಯಾಗನ್‌ಗೆ 120 ನ್ಯೂಟನ್ ಮೀಟರ್, ಹೋಂಡಾಕ್ಕೆ 108, ಉಳಿದವಕ್ಕೆ ಮ್ಯಾನ್ಯುಯಲ್ ನೋಡಿ.

ಹಂತ 7: ಗೆರೆಗೆ ಬರುವುದು

ಟೈರು ಬಿಸಿ ಮಾಡಲು ನೀರು ಚೆಲ್ಲಿದ ಜಾಗ ಇದ್ದರೆ ಅದರೊಳಗೆ ನುಗ್ಗಬೇಡಿ, ಸುತ್ತಿ ಹೋಗಿ. ಗೀರುಗಳಿರುವ ರಸ್ತೆ ಟೈರು ನೀರನ್ನು ಹೊತ್ತು ತಂದು ನಿಮ್ಮದೇ ಲಾಂಚ್ ಜಾಗದಲ್ಲಿ ಸುರಿಸುತ್ತದೆ. ಒಣ ನೆಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ಎರಡು ಸೆಕೆಂಡ್ ಚಕ್ರ ತಿರುಗಿಸಿದರೆ ಅಂಟಿದ ಮಣ್ಣು, ಕಲ್ಲುಪುಡಿ ಹಾರಿಹೋಗುತ್ತದೆ. ಅಷ್ಟು ಸಾಕು; ಹೊಗೆ ಕ್ಯಾಮೆರಾಕ್ಕೆ ಮಾತ್ರ ಬೇಕು. ಡ್ಯುಯಲ್ ಕ್ಲಚ್ ಕಾರಿನವರು ಇದನ್ನೂ ಮಾಡಬೇಡಿ.

ದೀಪದ ಕಂಬದ ಮೇಲ್ತುದಿಯ ಮೊದಲ ಬಲ್ಬು ಪ್ರಿ-ಸ್ಟೇಜ್, ಗೆರೆಗೆ ಸುಮಾರು 7 ಇಂಚು ಹಿಂದಿದ್ದೀರಿ ಎಂದು. ಎರಡನೆಯದು ಸ್ಟೇಜ್, ಗೆರೆಗೆ ಬಂದಿರಿ ಎಂದು. ತೆವಳಿಕೊಂಡು ಬಂದು, ಎರಡನೇ ಬಲ್ಬು ಹೊತ್ತಿದ ಗಳಿಗೆ ನಿಲ್ಲಿ. ಇನ್ನೂ ಮುಂದೆ ಸರಿದರೆ ಇ.ಟಿ. ಕೆಡುತ್ತದೆ. ಗಡಿಯಾರ ಶುರುವಾಗುವ ಮುನ್ನ ಚಕ್ರ ಉರುಳಲು ಸಿಗುವ ಸುಮಾರು ಒಂದು ಅಡಿಯನ್ನು ನೀವೇ ಬಿಟ್ಟುಕೊಟ್ಟಂತೆ.

ನಂತರ ಮೂರು ಹಳದಿ ದೀಪ, ಅರ್ಧ ಸೆಕೆಂಡಿಗೊಂದು, ಆಮೇಲೆ ಹಸಿರು. ಹಸಿರಿಗೂ ಮುಂಚೆ ಕಿರಣ ಬಿಟ್ಟರೆ ಕೆಂಪು, ಸ್ಪರ್ಧೆಯಲ್ಲಾದರೆ ಅಲ್ಲಿಗೆ ಮುಗಿಯಿತು. ಅನುಭವಿಗಳು ಮೂರನೇ ಹಳದಿ ಕಂಡೊಡನೆ ಹೊರಡುತ್ತಾರೆ, ಏಕೆಂದರೆ ಕಾಲು, ಕ್ಲಚ್, ಟೈರು ಎಲ್ಲ ಕದಲುವಷ್ಟರಲ್ಲಿ ಹಸಿರು ಬಂದಿರುತ್ತದೆ.

ಹಂತ 8: ಲಾಂಚ್

ಸ್ಟೇರಿಂಗ್ ನೇರವಾಗಿರಲಿ. ತಿರುಗಿದ ಚಕ್ರದಲ್ಲಿ ಸಿವಿ ಜಾಯಿಂಟ್ ಓರೆ ಕೋನದಲ್ಲಿ ಕೆಲಸ ಮಾಡುತ್ತದೆ, ಮುರಿಯುವುದು ಹಾಗೆ. ಟ್ರ್ಯಾಕ್ಷನ್ ಕಂಟ್ರೋಲ್ ಆರಿಸಿ. ಇಲ್ಲದಿದ್ದರೆ ಚಕ್ರ ಜಾರಿದ ಕೂಡಲೇ ಕಂಪ್ಯೂಟರ್ ಎಂಜಿನ್ನಿನ ಉಸಿರು ಹಿಡಿದುಬಿಡುತ್ತದೆ. ಕೆಲವು ಕಾರುಗಳಲ್ಲಿ ಗುಂಡಿ ಒತ್ತಿಹಿಡಿಯಬೇಕು, ಕೆಲವದರಲ್ಲಿ ಪೂರ್ತಿ ಆರಿಸಲು ಬರುವುದೇ ಇಲ್ಲ.

ಮ್ಯಾನ್ಯುಯಲ್ ಟರ್ಬೊ ಕಾರಿಗೆ 2,800 ಆರ್‌ಪಿಎಂನಿಂದ ಶುರುಮಾಡಿ. ಟರ್ಬೊ ಇಲ್ಲದ, ಮೇಲಿನ ಆರ್‌ಪಿಎಂನಲ್ಲಿ ಜೀವ ಬರುವ ಹಳೆಯ ಸಿಟಿ ವಿಟೆಕ್‌ನಂಥದ್ದಕ್ಕೆ 4,000. ಎಡಗಾಲನ್ನು ಕ್ಲಚ್ ಕಚ್ಚುವ ಜಾಗಕ್ಕೆ ತನ್ನಿ, ಹ್ಯಾಂಡ್‌ಬ್ರೇಕ್ ಹಿಡಿದಿರಲಿ, ಕಾರಿನ ಮೂತಿ ತುಸು ಎದ್ದಿತೆಂದರೆ ಶಾಫ್ಟುಗಳ ಸಡಿಲ ಹೋಯಿತು. ಈ ಸ್ಥಿತಿ ಎರಡು ಸೆಕೆಂಡ್ ಮೀರಬಾರದು, ಕ್ಲಚ್ ಬೇಯುತ್ತದೆ. ದೀಪ ಬಂದಾಗ ಹ್ಯಾಂಡ್‌ಬ್ರೇಕ್ ಬಿಟ್ಟು, ಕ್ಲಚ್ಚನ್ನು ಒಂದು ಸೆಕೆಂಡಿನ ಅವಧಿಯಲ್ಲಿ ಬಿಡುತ್ತಾ ಬನ್ನಿ. ಪಕ್ಕಕ್ಕೆ ಕಾಲು ಜಾರಿಸಿ ಧಡ್ಡನೆ ಬಿಡುವುದು ಸಿನಿಮಾ ರೀತಿ. ಆಕ್ಸಿಲರೇಟರ್ ಮುಕ್ಕಾಲು ಭಾಗ, ಕ್ಲಚ್ ಪೂರ್ತಿ ಬಿಟ್ಟ ಮೇಲಷ್ಟೇ ಪೂರ್ತಿ.

ಚಕ್ರ ಜಾರಿದರೆ ಕಾಲು ಪೂರ್ತಿ ಎತ್ತಬೇಡಿ, ಸ್ವಲ್ಪ ಸಡಿಲಿಸಿ ಹಿಡಿತ ಬಂದ ಮೇಲೆ ಮತ್ತೆ ಒತ್ತಿ. ಮುಂದಿನ ಓಟಕ್ಕೆ 300 ಆರ್‌ಪಿಎಂ ಇಳಿಸಿ. ಕಾರು ಕುಗ್ಗಿ ಸೊರಗಿದರೆ 300 ಏರಿಸಿ. ಆರ್‌ಪಿಎಂ ಬದಲಿಸಿದ ಓಟದಲ್ಲಿ ಗಾಳಿ ಒತ್ತಡ ಮುಟ್ಟಬೇಡಿ. ಎರಡೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತು ಎಂಬುದು ಗೊತ್ತಾಗುವುದಿಲ್ಲ.

ರಸ್ತೆ ಟೈರಿನಲ್ಲಿ ಸಿಕ್ಸ್ಟಿ ಫೂಟ್ 2.5 ಬಂದರೆ ಆರಂಭಕ್ಕೆ ಸಾಮಾನ್ಯ. 2.2 ಚೆನ್ನಾಗಿದೆ. ಇಲ್ಲಿ ಇಳಿಸಿದ ಪ್ರತಿ 0.1 ಸೆಕೆಂಡ್ ಕೊನೆಯಲ್ಲಿ 0.15ರಷ್ಟು ಆಗಿ ಮರಳುತ್ತದೆ. 2.5ರಿಂದ 2.2ಕ್ಕೆ ಬಂದಿರೆಂದರೆ ಅರ್ಧ ಸೆಕೆಂಡಿನ ಹತ್ತಿರ ಗಳಿಸಿದಿರಿ. ಮೇಲೆ ಹೇಳಿದ ಲೆಕ್ಕದ ಪ್ರಕಾರ ಅದೇ ಅರ್ಧ ಸೆಕೆಂಡನ್ನು ಶಕ್ತಿಯಿಂದ ಪಡೆಯಲು 160 ಕುದುರೆಶಕ್ತಿಯ ಕಾರಿಗೆ ಇನ್ನೂ 15ಕ್ಕೂ ಹೆಚ್ಚು ಬೇಕು, ಅದೂ ಚಕ್ರ ಜಾರದಿದ್ದರೆ.

ಗೇರ್ ಬದಲಾವಣೆ: ಚಿಕ್ಕ ಟರ್ಬೊ 5,500ರ ನಂತರ ಏದುಸಿರು ಬಿಡುತ್ತದೆ. 5,800ರ ಹೊತ್ತಿಗೆ ಬದಲಿಸಿ, ರೆಡ್‌ಲೈನ್‌ಗೆ ಕಾಯಬೇಡಿ. ಎರಡರಿಂದ ಮೂರಕ್ಕೆ ಹೋಗುವಾಗ ಲಿವರನ್ನು ಮುಷ್ಟಿಯಲ್ಲಿ ಹಿಡಿದೆಳೆಯಬೇಡಿ, ಅಂಗೈಯಿಂದ ತಳ್ಳಿ. ಮೂರರಿಂದ ನಾಲ್ಕಕ್ಕೆ ಎಳೆಯುವ ಆತುರದಲ್ಲಿ ಎರಡಕ್ಕೆ ಬಿದ್ದರೆ ಎಂಜಿನ್ ತನ್ನ ಮಿತಿಗಿಂತ ಸಾವಿರಾರು ಆರ್‌ಪಿಎಂ ಮೇಲೆ ತಿರುಗುತ್ತದೆ, ವಾಲ್ವುಗಳು ಪಿಸ್ಟನ್ನಿಗೆ ಬಡಿಯುತ್ತವೆ. ರೆವ್ ಲಿಮಿಟರ್ ಇದರಿಂದ ಕಾಪಾಡುವುದಿಲ್ಲ, ಏಕೆಂದರೆ ಎಂಜಿನ್ನನ್ನು ಆಗ ತಿರುಗಿಸುತ್ತಿರುವುದು ಚಕ್ರಗಳು.

ಗೆರೆ ದಾಟಿದ ಮೇಲೆ ನೇರ ಹೋಗಿ, ಕಾಲೆತ್ತಿ, ಮೆಲ್ಲಗೆ ಬ್ರೇಕ್ ಹಿಡಿಯಿರಿ. ಪಕ್ಕದ ಕಾರು ಎಲ್ಲಿದೆ ಎಂದು ಕಾಣುವವರೆಗೆ ಅತ್ತ ತಿರುಗಬೇಡಿ.

ಹಂತ 9: ಬಿಸಿ ಮತ್ತು ಚೀಟಿ

ಮೊದಲ ಓಟ 15.6, ಎರಡನೆಯದು 15.9, ಮೂರನೆಯದು 16.1. ಚಾಲಕ ತನ್ನನ್ನೇ ಬೈದುಕೊಳ್ಳುತ್ತಾನೆ, ತಪ್ಪು ಇಂಟರ್‌ಕೂಲರಿನದು, ಟರ್ಬೊದಿಂದ ಬರುವ ಗಾಳಿಯನ್ನು ತಂಪಾಗಿಸುವ ಭಾಗದ್ದು. ಬಿಸಿಲಲ್ಲಿ ಸಾಲಿನಲ್ಲಿ ನಿಂತ ಟರ್ಬೊ ಕಾರಿನ ಒಳಬರುವ ಗಾಳಿ 60 ಡಿಗ್ರಿ ಮೀರುತ್ತದೆ, ಕಂಪ್ಯೂಟರ್ ಕಿಡಿಯನ್ನು ಹಿಂದೂಡಿ ಎಂಜಿನ್ ಕಾಪಾಡುತ್ತದೆ, ಶಕ್ತಿ ಇಳಿಯುತ್ತದೆ. ಕಾರಿನ ಕಂಪ್ಯೂಟರಿನ ಅಂಕಿಗಳನ್ನು ತೋರಿಸುವ ಅಗ್ಗದ ಒಬಿಡಿ ರೀಡರ್ ಚುಚ್ಚಿ ಈ ಅಂಕಿ ನೋಡಿಕೊಳ್ಳಿ. ಓಟಗಳ ನಡುವೆ ಬಾನೆಟ್ ತೆರೆದು 20 ನಿಮಿಷ ನಿಲ್ಲಿಸಿ, ಸಾಲಿನಲ್ಲಿ ಕಾರನ್ನು ತಳ್ಳಿಕೊಂಡು ಮುಂದೆ ಸರಿಸಿ, ಇಂಟರ್‌ಕೂಲರ್ ಮೇಲೆ ಒದ್ದೆ ಬಟ್ಟೆ ಹಾಕಿ. ಓಟಕ್ಕೆ ಮುನ್ನ ಬಟ್ಟೆ ತೆಗೆದು, ನೆಲಕ್ಕೆ ನೀರು ತೊಟ್ಟಿಕ್ಕುತ್ತಿಲ್ಲ ಎಂದು ನೋಡಿ. ಬೆಳಗಿನ ಮೊದಲ ಓಟಗಳನ್ನು ಬಿಡಬೇಡಿ.

ಚೀಟಿ ಓದುವ ಬಗೆ ಸರಳ. ಟ್ರ್ಯಾಪ್ ಸ್ಪೀಡ್ ಎಂಜಿನ್ನಿನ ಮಾತು, ಸಿಕ್ಸ್ಟಿ ಫೂಟ್ ಟೈರು ಮತ್ತು ಕಾಲಿನ ಮಾತು. ಟ್ರ್ಯಾಪ್ ಸ್ಪೀಡ್ ಹಾಗೇ ಇದ್ದು ಇ.ಟಿ. ಕೆಟ್ಟರೆ ಲಾಂಚ್ ನೋಡಿಕೊಳ್ಳಿ. ಸಿಕ್ಸ್ಟಿ ಫೂಟ್ ಹಾಗೇ ಇದ್ದು ಟ್ರ್ಯಾಪ್ ಸ್ಪೀಡ್ ಇಳಿದರೆ ಬಿಸಿ, ಇಂಧನ ಅಥವಾ ಪ್ಲಗ್. ಎರಡೂ ಚೆನ್ನಾಗಿದ್ದು ಇ.ಟಿ. ಮಾತ್ರ ಬಾರದಿದ್ದರೆ ಗೇರ್ ಬದಲಾವಣೆಯಲ್ಲಿ ಕಳೆಯುತ್ತಿದ್ದೀರಿ.

ಬೇರೆ ಊರಿನ ಅಂಕಿಗಳನ್ನು ನೇರವಾಗಿ ಹೋಲಿಸಬೇಡಿ. ಬೆಂಗಳೂರು ಸಮುದ್ರ ಮಟ್ಟಕ್ಕಿಂತ 900 ಮೀಟರ್ ಮೇಲಿದೆ. ಟರ್ಬೊ ಇಲ್ಲದ ಎಂಜಿನ್ 300 ಮೀಟರಿಗೆ ಶೇ 3ರಂತೆ ಇಲ್ಲಿ ಹತ್ತಿರ ಹತ್ತಿರ ಶೇ 10 ಶಕ್ತಿ ಕಳೆದುಕೊಂಡಿರುತ್ತದೆ. ಅದೇ ಕಾರು ಚೆನ್ನೈನಲ್ಲಿ ಬೇಗ ಓಡಿದರೆ ಟ್ಯೂನರ್ ಹೊಗಳಬೇಕಿಲ್ಲ. ಟರ್ಬೊ ಕಾರಿಗೆ ಈ ವ್ಯತ್ಯಾಸ ಚಿಕ್ಕದು.

ಹಂತ 10: ಮನೆಗೆ ಹೊರಡುವ ಮುನ್ನ

ಮುಂದಿನ ಟೈರಿಗೆ ಗಾಳಿ ತುಂಬಿಸಿ, 24 ಪಿಎಸ್ಐನಲ್ಲಿ ಹೆದ್ದಾರಿಗೆ ಇಳಿದರೆ ಬದಿಗೋಡೆ ಕಾದು ಸಿಡಿಯಬಹುದು. ಹಿಂದಿನದರಿಂದ ಗಾಳಿ ಇಳಿಸಿ. ಒದ್ದೆ ರಸ್ತೆಯಲ್ಲಿ 40 ಪಿಎಸ್ಐನ ಹಿಂದಿನ ಚಕ್ರ ಜಾರುತ್ತದೆ. ಟ್ರ್ಯಾಕ್ಷನ್ ಕಂಟ್ರೋಲ್ ಮತ್ತೆ ಹಾಕಿ. ಚಕ್ರದ ಬೋಲ್ಟು ಇನ್ನೊಮ್ಮೆ ಟಾರ್ಕ್ ಮಾಡಿ. ಡ್ರೈವ್‌ಶಾಫ್ಟ್ ಬೂಟು, ಆಯಿಲ್ ಮಟ್ಟ, ಕೂಲಂಟ್ ನೋಡಿ. ಕ್ಲಚ್ ವಾಸನೆ ಇನ್ನೂ ಹೋಗಿಲ್ಲವೆಂದರೆ ಅರ್ಧ ಗಂಟೆ ಕಾಯಿರಿ. ಆಮೇಲೂ ಕಚ್ಚುವ ಜಾಗ ಬೆಳಗ್ಗೆಗಿಂತ ಬದಲಾಗಿದ್ದರೆ ಸೋಮವಾರವೇ ಗ್ಯಾರೇಜಿಗೆ ಒಯ್ಯಿರಿ. ಪ್ರತಿ ಚೀಟಿಯ ಹಿಂದೆ ಗಾಳಿ ಒತ್ತಡ, ಲಾಂಚ್ ಆರ್‌ಪಿಎಂ, ಒಳಗಾಳಿಯ ಉಷ್ಣತೆ ಬರೆದಿಡಿ, ಥರ್ಮಲ್ ಕಾಗದದ ಅಕ್ಷರ ಕೆಲವೇ ತಿಂಗಳಲ್ಲಿ ಮಾಸುತ್ತದೆ, ಅದಕ್ಕೂ ಮೊದಲು ಫೋಟೊ ತೆಗೆದುಕೊಳ್ಳಿ.